ಚಾಕಿ ಹುಳುವಿಗೆ ಥರ್ಮಾಮೀಟರ್, ಪಾಪುವಿಗೆ ಪ್ರಾಮ್

ಮೇಲೂರಿನಲ್ಲಿ ಹೊಸದಾಗಿ ಹುಟ್ಟುವವರು ಎರಡು ಬಗೆ: ಚಾಕಿ ಹುಳು, ಅಂದರೆ ಎಳೆಯ ರೇಷ್ಮೆಹುಳು, ಮತ್ತು ಮನುಷ್ಯರ ಮಗು. ಇಬ್ಬರಲ್ಲಿ ಹೆಚ್ಚು ಶಿಸ್ತಿನ ಉಪಚಾರ ಹುಳುವಿಗೇ ಎಂಬುದನ್ನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರು ತಕರಾರಿಲ್ಲದೆ ಒಪ್ಪಿಯಾರು. ಮೊಟ್ಟೆಯೊಡೆದು ಬಂದ ಹುಳುವಿಗೆ 27ರಿಂದ 28 ಡಿಗ್ರಿ ಶಾಖ, ಶೇಕಡ 80ರಿಂದ 90ರಷ್ಟು ತೇವ ಬೇಕು. ಅದನ್ನು ನೋಡಲು ಗೋಡೆಯಲ್ಲಿ ಥರ್ಮಾಮೀಟರ್. ಎಳೇ ಸೊಪ್ಪನ್ನೇ ಆರಿಸಿ ಸಣ್ಣಗೆ ಹೆಚ್ಚಿ ಹಾಕಬೇಕು. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿಗೆ ಕಾಲಿಡದೆ ಸ್ವಂತ ಬೀಗರೂ ಒಳಗೆ ಬರುವ ಹಾಗಿಲ್ಲ. ಅದೇ ಬೀಗರು ಪಕ್ಕದ ಕೋಣೆಗೆ ಹೋಗಿ, ಬಸ್ಸಿನ ಕಂಬಿ ಹಿಡಿದು ಬಂದ ಕೈಯಲ್ಲೇ ಎಳೆಮಗುವಿನ ಗಲ್ಲ ಹಿಂಡಿ, ಐನೂರರ ನೋಟೊಂದನ್ನು ಮುಷ್ಟಿಯೊಳಗೆ ತುರುಕಿ ಬರಬಹುದು. ಯಾರೂ ತಡೆಯುವುದಿಲ್ಲ.

ಇಂಥ ಮನೆಗಳಿಗೆ ಈಚೆಗೆ ಪ್ರಾಮ್ ಬರತೊಡಗಿದೆ.

ಅದು ಬರುವ ದಾರಿ ಎರಡು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಮಾವ ಫೋನಿನಲ್ಲೇ ಆರ್ಡರ್ ಮಾಡಿ ಕಳಿಸುವುದು ಒಂದು. ಪರದೇಶದಲ್ಲಿ ಹೆರಿಗೆಯಾದ ಮಗಳು ಮಗುವಿನ ಜೊತೆಗೆ ಪ್ರಾಮನ್ನೂ ವಿಮಾನಕ್ಕೆ ಹಾಕಿಸಿಕೊಂಡು ಬರುವುದು ಇನ್ನೊಂದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಮೇಲೂರಿಗೆ ಮೆಜೆಸ್ಟಿಕ್‌ಗಿಂತ ಅಮೆರಿಕವೇ ಹತ್ತಿರ. ಡಬ್ಬ ಬಿಚ್ಚಿ, ನಾಲ್ಕು ಗಾಲಿ ಸಿಕ್ಕಿಸಿ, ನಡುಮನೆಯಲ್ಲಿ ನಿಲ್ಲಿಸಿದಾಗ ಅಜ್ಜಿಯರು ಕೇಳುವ ಪ್ರಶ್ನೆ ಮಾತ್ರ ಎಲ್ಲ ಮನೆಯಲ್ಲೂ ಒಂದೇ: “ಅಲ್ಲ ಕಣಪ್ಪಾ, ಮಗೀನ ಎತ್ಕೊಳ್ಳೋಕೆ ಮನೇಲಿ ಇಷ್ಟು ಜನ ಇದೀವಿ. ಇದಕ್ಯಾಕೆ ಹನ್ನೆರಡು ಸಾವಿರ?”

ಪ್ರಶ್ನೆ ನ್ಯಾಯವಾದದ್ದೇ. ಬಾಣಂತಿ ಕೋಣೆ ಬಿಟ್ಟು ಬರುವಂತಿಲ್ಲ, ಕೂಸಿಗೆ ಗಾಳಿ ಸೋಕುವಂತಿಲ್ಲ, ಸಂಜೆ ಹೊತ್ತು ಬಾಗಿಲು ದಾಟುವಂತೆಯೇ ಇಲ್ಲ. ಆರು, ಹತ್ತು ಮತ್ತು ಹದಿನಾಲ್ಕನೇ ವಾರದ ಲಸಿಕೆ, ನಡುವೆ ಒಂದು ದೇವಸ್ಥಾನ: ಮೊದಲ ತಿಂಗಳುಗಳಲ್ಲಿ ಮಗುವಿನ ಲೋಕಸಂಚಾರ ಇಷ್ಟೇ. ನವಜಾತ ಶಿಶುವಿಗೆಂದೇ ತಂದ ಪ್ರಾಮ್ ಹತ್ತುವ ಹೊತ್ತಿಗೆ ಶಿಶು ಮಗ್ಗುಲಾಗಲು ಕಲಿತಿರುತ್ತದೆ.

ಆದರೂ ಕೊಳ್ಳುತ್ತಾರೆ. ಕೊಳ್ಳುವಾಗ ನೋಡುವುದೇನು? ಅಪ್ಪ ನೋಡುವುದು ಗಾಲಿ. ಅಮ್ಮ ಬಣ್ಣ. ಮಾವ ನೋಡುವುದು ಕಾಫಿ ಲೋಟ ಇಡುವ ಬಳೆ ಇದೆಯೋ ಇಲ್ಲವೋ ಎಂದು. ತಳ್ಳುವುದು ತಾವಲ್ಲ ಎಂಬ ಭರವಸೆ ಇರುವವರಿಗೆ ಮಾತ್ರ ಇಂಥ ಸೌಲಭ್ಯಗಳ ಮೇಲೆ ಕಣ್ಣು ಬೀಳುತ್ತದೆ. ಅಂಗಡಿಯವನು ಒಂದೇ ಕೈಯಲ್ಲಿ ಟಪ್ಪೆಂದು ಮಡಚಿ ತೋರಿಸಿದರೆ ವ್ಯಾಪಾರ ಮುಗಿದ ಹಾಗೆ. ಒಳಗೆ ಮಲಗಬೇಕಾದವರ ಅನುಕೂಲ ಕೇಳುವವರು ಕಡಿಮೆ.

ಮಲಗಬೇಕಾದವರ ಕಷ್ಟ ಇರುವುದು ಕತ್ತಿನಲ್ಲಿ. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲುಭಾಗ ಬರೀ ತಲೆ. ಅದನ್ನು ಹೊರುವ ಶಕ್ತಿ ಕತ್ತಿಗೆ ಬರಲು ಸುಮಾರು ನಾಲ್ಕು ತಿಂಗಳು ಬೇಕು. ಅದಕ್ಕೆ ಮೊದಲೇ ಕುರ್ಚಿಯಂಥ ಸೀಟಿನಲ್ಲಿ ಕೂರಿಸಿದರೆ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತುತ್ತದೆ, ಎಳೆಯ ಶ್ವಾಸನಾಳ ಮಡಚಿಕೊಳ್ಳುತ್ತದೆ. ನೋಡುವವರಿಗೆ ಕೂಸು ತೂಕಡಿಸುತ್ತಿದೆ ಅನ್ನಿಸುತ್ತದೆ. ಅದು ಉಸಿರಿಗೆ ಕಷ್ಟಪಡುತ್ತಿರಬಹುದು. ಹಾಗಾಗಿ ಮೊದಲ ಆರು ತಿಂಗಳಿಗೆ ಬೆನ್ನು ಪೂರ್ತಿ ಚಪ್ಪಟೆಯಾಗಿ ಮಲಗುವ ಸೀಟು ಬೇಕು, ಇಲ್ಲವೇ ತೊಟ್ಟಿಲಿನ ಹಾಗೆ ಸಿಕ್ಕಿಸುವ ಪ್ರತ್ಯೇಕ ಬುಟ್ಟಿ. ಯುರೋಪಿನ ಇಎನ್ 1888 ಮಾನಕ ಆರು ತಿಂಗಳೊಳಗಿನ ಮಗುವಿಗೆ ಸೀಟು ಕನಿಷ್ಠ 150 ಡಿಗ್ರಿ ಒರಗಬೇಕು ಎನ್ನುತ್ತದೆ. ಹಾಸಿಗೆ ಗಟ್ಟಿಯಾಗಿರಬೇಕು. ಡಬ್ಬದ ಮೇಲೆ ‘0+’ ಎಂದು ಅಚ್ಚಾದದ್ದನ್ನೇ ನಂಬದೆ, ಒರಗಿಸಿ ಕಣ್ಣಾರೆ ನೋಡುವುದು ಒಳ್ಳೆಯದು.

ಈ ಗಾಡಿಯ ಹುಟ್ಟಿನಲ್ಲೇ ದೊಡ್ಡವರ ಶೋಕಿ ಇತ್ತು. 1733ರಲ್ಲಿ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕನ ಮಕ್ಕಳಿಗಾಗಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಚಿಪ್ಪಿನಾಕಾರದ ಪುಟ್ಟ ರಥ ಮಾಡಿಕೊಟ್ಟ. ಎಳೆಯುವುದಕ್ಕೆ ಮೇಕೆ ಅಥವಾ ಗಿಡ್ಡ ಕುದುರೆ. ಮೇಲೂರಿನಲ್ಲಿ ಮೇಕೆಗೆ ಬರವಿಲ್ಲ. ಆದರೆ ರಸ್ತೆಯ ಎರಡೂ ಬದಿಗೆ ಹಿಪ್ಪುನೇರಳೆ ತೋಟ ಇರುವ ಊರಿನಲ್ಲಿ ಮೇಕೆಗೆ ಗಾಡಿ ಕಟ್ಟಿದರೆ ಡ್ಯೂಕನ ಮಗ ಮನೆ ಸೇರುವ ಬದಲು ಯಾರದೋ ತೋಟದ ನಡುವೆ ಇರುತ್ತಿದ್ದ. ಸಂಜೆ ಪಂಚಾಯಿತಿ ಬೇರೆ.

ಮೇಕೆ ಹೋಗಿ ತಾಯಂದಿರು ಬಂದರು. ಗಾಡಿ ಹಗುರಾದದ್ದು ಮಾತ್ರ ಬಹಳ ತಡವಾಗಿ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಗಾಲಿಚೌಕಟ್ಟಿಗೆ ಕೆಲಸ ಮಾಡಿದ್ದ ಓವೆನ್ ಮೆಕ್ಲಾರೆನ್ ಎಂಬ ಎಂಜಿನಿಯರ್ ನಿವೃತ್ತನಾಗಿ ಮನೆಯಲ್ಲಿದ್ದಾಗ, ಮಾಸ್ಕೋದಿಂದ ಬಂದ ಮಗಳು ಭಾರದ ಪ್ರಾಮ್ ಹೊತ್ತು ಹೆಣಗುವುದನ್ನು ಕಂಡ. 1965ರಲ್ಲಿ ಕೊಡೆಯ ಹಾಗೆ ಮಡಚುವ ಅಲ್ಯೂಮಿನಿಯಂ ಗಾಡಿ ತಯಾರಾಯಿತು. ತೂಕ ಮೂರು ಕಿಲೋಗೂ ಕಡಿಮೆ. ಮೊಮ್ಮಗುವಿಗೆ ಬೆಳ್ಳಿ ಉಡಿದಾರ ಮಾಡಿಸಿ ಸುಮ್ಮನಾಗುವ ತಾತಂದಿರು ಇದನ್ನು ಗಮನಿಸಬೇಕು. ಅಂಥ ಕೊಡೆಗಾಡಿ ಕೂರಲು ಬರುವ ಮಗುವಿಗೆ ಸೈ. ಜೋಲಿಯ ಹಾಗೆ ಜಗ್ಗುವ ಅದರ ಸೀಟಿನಲ್ಲಿ ಹಸುಗೂಸಿನ ಬೆನ್ನು ಬಿಲ್ಲಾಗುತ್ತದೆ.

ಬ್ರೇಕಿನ ವಿಷಯಕ್ಕೆ ಬಂದರೆ ತಮಾಷೆ ಸ್ವಲ್ಪ ಬದಿಗಿಡಬೇಕು. 2009ರ ಅಕ್ಟೋಬರಿನಲ್ಲಿ ಮೆಲ್ಬರ್ನ್ ನಗರದ ಆ್ಯಷ್‌ಬರ್ಟನ್ ರೈಲು ನಿಲ್ದಾಣದಲ್ಲಿ ತಾಯಿಯ ಕೈ ಒಂದು ಗಳಿಗೆ ಹಿಡಿಕೆ ಬಿಟ್ಟಿತು. ಪ್ಲಾಟ್‌ಫಾರ್ಮ್ ಇಳಿಜಾರು, ಪ್ರಾಮ್ ಉರುಳಿ ಬರುತ್ತಿದ್ದ ರೈಲಿನ ಮುಂದೆಯೇ ಹಳಿಗೆ ಬಿತ್ತು. ಬೆಲ್ಟು ಬಿಗಿದಿದ್ದ ಆರು ತಿಂಗಳ ಕಂದ ತಲೆಗೆ ಸಣ್ಣ ಪೆಟ್ಟಿನೊಂದಿಗೆ ಪಾರಾಯಿತು. ಎರಡೂ ಹಿಂಗಾಲಿಗಳನ್ನು ಒಟ್ಟಿಗೆ ಹಿಡಿಯುವ ಕಾಲ್ಬ್ರೇಕು, ಎರಡು ಭುಜ, ಎರಡು ಸೊಂಟ, ಒಂದು ತೊಡೆಯ ನಡುವೆ ಹೀಗೆ ಐದು ಕಡೆ ಹಿಡಿಯುವ ಬೆಲ್ಟು, ತಳ್ಳುವವರ ಮಣಿಕಟ್ಟಿಗೆ ಒಂದು ಪಟ್ಟಿ: ಇವಿಲ್ಲದ ಗಾಡಿ ಎಷ್ಟು ಅಂದವಾಗಿದ್ದರೂ ಬೇಡ. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದಲ್ಲಿ ಮೆಕ್ಲಾರೆನ್ ಕಂಪನಿಯ ಸುಮಾರು ಹತ್ತು ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಮಡಚುವ ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ ಹನ್ನೆರಡು ಪ್ರಕರಣ ವರದಿಯಾಗಿದ್ದವು. ಟಪ್ಪೆಂದು ಮಡಚುವ ಅಂಗಡಿಯವನ ಕೈಚಳಕ ನೋಡುವಾಗ ಇದು ನೆನಪಿಗೆ ಬರಬೇಕು. ಮಗುವನ್ನು ದೂರ ಇಟ್ಟ ಮೇಲೆಯೇ ಬಿಚ್ಚುವುದು, ಮಡಚುವುದು.

ಇನ್ನು ಬಿಸಿಲು. ಚಿಕ್ಕಬಳ್ಳಾಪುರ ಸೀಮೆಯ ಏಪ್ರಿಲ್‌ನಲ್ಲಿ ಯಾರೇ ಆಗಲಿ ಮಾಡುವ ಮೊದಲ ಕೆಲಸ, ಪ್ರಾಮಿನ ಮೇಲೆ ಒಂದು ಟವೆಲ್ ಹೊದಿಸುವುದು. ಬಿಸಿಲೂ ಬೀಳದು, ಕಣ್ಣೂ ಬೀಳದು. ಒಳಗೆ ಗಾಳಿಯಾಡದೆ ಶಾಖ ಏರುವುದು ಹೊರಗಿನವರಿಗೆ ತಿಳಿಯುವುದಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೆಳು ಮಸ್ಲಿನ್ ಬಟ್ಟೆಯನ್ನು ಒಣಗಿದ್ದಂತೆಯೇ ಹೊದಿಸಿದಾಗ ಒಳಗಿನ ಶಾಖ ಹೊರಗಿಗಿಂತ ಎರಡೂವರೆ ಡಿಗ್ರಿಗೂ ಮೀರಿ ಏರಿತು. ಅದನ್ನೇ ಒದ್ದೆ ಮಾಡಿ ಹೊದಿಸಿ, ಪುಟ್ಟ ಫ್ಯಾನ್ ಸಿಕ್ಕಿಸಿದಾಗ ಸುಮಾರು ಐದು ಡಿಗ್ರಿ ಇಳಿಯಿತು. ಬಟ್ಟೆ ಒಣಗುವ ಮುಂಚೆ ಮತ್ತೆ ನೆನೆಸಬೇಕು, ಗಾಳಿಗೆ ದಾರಿ ಬಿಡಬೇಕು.

ಈ ಸಂಶೋಧನೆ ಕೇಳಿ ಮೇಲೂರಿನವರು ಬೆರಗಾಗಬೇಕಿಲ್ಲ. ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ, ಅದು ಒಣಗುತ್ತಿದ್ದಂತೆ ಓಡಿ ಹೋಗಿ ನೀರು ಚಿಮುಕಿಸುವ ಮನೆಯೇ ಅದು. ಮಗುವಿನ ಗಾಡಿಯ ಹತ್ತಿರ ಬಂದ ಕೂಡಲೇ ಆ ವಿದ್ಯೆಯೆಲ್ಲ ಎಲ್ಲಿ ಹೋಗುತ್ತದೋ! ಉಣ್ಣೆ ಟೋಪಿ, ಸ್ವೆಟರ್, ಅದರ ಮೇಲೆ ಟವೆಲ್. ಹುಳುವನ್ನು ಹೀಗೆ ಸಾಕಿದ್ದರೆ ಗೂಡಿನ ಮಾರುಕಟ್ಟೆ ಯಾವಾಗಲೋ ಮುಚ್ಚಬೇಕಿತ್ತು.

ಸರಿ, ಲಕ್ಷಣವಾದ ಗಾಡಿಯೇ ಸಿಕ್ಕಿತು ಅನ್ನಿ. ತಳ್ಳುವುದೆಲ್ಲಿ? ಮೊದಲ ಅಡ್ಡಿ ಹೊಸ್ತಿಲು. ಅರಿಸಿನ ಕುಂಕುಮ ಹಚ್ಚಿದ ಹೊಸ್ತಿಲನ್ನು ತುಳಿಯಬಾರದು. ಗಾಲಿ ಹತ್ತಿಸಬಹುದೇ ಎಂಬುದಕ್ಕೆ ಶಾಸ್ತ್ರಾಧಾರ ಸಿಗದೆ ಇಬ್ಬರು ಎತ್ತಿ ದಾಟಿಸುತ್ತಾರೆ. ಆಮೇಲೆ ಚರಂಡಿ ಚಪ್ಪಡಿ, ಹಂಪು, ಮಲಗಿದ ನಾಯಿ, ಸೊಪ್ಪಿನ ಹೊರೆ ಕಟ್ಟಿಕೊಂಡು ಬರುವ ಬೈಕು. ಎಲ್ಲ ಕಡೆ ತಿರುಗುವ ಮುದ್ದಾದ ಪ್ಲಾಸ್ಟಿಕ್ ಮುಂಗಾಲಿ ಮೊದಲ ಜಲ್ಲಿಕಲ್ಲಿಗೇ ಮುಷ್ಕರ ಹೂಡುತ್ತದೆ. ಇಲ್ಲಿಗೆ ಬೇಕಾದದ್ದು ದೊಡ್ಡ ಗಾಲಿ, ಸ್ಪ್ರಿಂಗು, ಮುಂಗಾಲಿಯನ್ನು ನೇರಕ್ಕೆ ಲಾಕ್ ಮಾಡುವ ವ್ಯವಸ್ಥೆ. ಇದನ್ನು ಬರೆಯುವಾಗ ಟ್ರ್ಯಾಕ್ಟರಿನ ವರ್ಣನೆಯೇ ಆಗುತ್ತಿದೆ, ನಿಜ. ತಪ್ಪು ಗಾಡಿಯದಲ್ಲ, ಫುಟ್‌ಪಾತ್ ಎಂಬುದನ್ನೇ ಮರೆತು ರಸ್ತೆ ಮಾಡಿದವರದು.

ಬಸ್ಸಿನದು ಇನ್ನೊಂದು ಸಮಸ್ಯೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ಟಿಲ್ಲ, ಕೈಗೂಸಿಗೆ ಮೊದಲಿನಿಂದಲೂ ಇಲ್ಲ. ಗಾಡಿಯನ್ನು ಲಗೇಜ್ ಎಂದು ಬಗೆಯಬೇಕೋ ಪ್ರಯಾಣಿಕರೆಂದೋ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಶಿಡ್ಲಘಟ್ಟ ಬಂದಿರುತ್ತದೆ. ಆದ್ದರಿಂದ ಲಸಿಕೆಗೆ ಹೊರಡುವವರು ಕೊನೆಗೂ ಹತ್ತುವುದು ಟಿವಿಎಸ್ ಎಕ್ಸೆಲ್: ಮುಂದೆ ಅಪ್ಪ, ಹಿಂದೆ ಸೀರೆಯ ಸೆರಗಿನಲ್ಲಿ ಕೂಸು ಸುತ್ತಿಕೊಂಡ ಅಮ್ಮ. ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಸುರಕ್ಷಾ ಪಟ್ಟಿ ಇರಬೇಕು, ಒಂಬತ್ತು ತಿಂಗಳು ದಾಟಿದ್ದರೆ ಹೆಲ್ಮೆಟ್ಟೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ಕೇಂದ್ರದ ನಿಯಮ 2022ರಲ್ಲೇ ಬಂದಿದೆ. ಐದು ಕಡೆ ಬೆಲ್ಟಿನ ಪ್ರಾಮ್ ಆ ಹೊತ್ತಿಗೆ ನಡುಮನೆಯಲ್ಲಿ, ಬ್ರೇಕ್ ಹಾಕಿಕೊಂಡು, ಅತ್ಯಂತ ಸುರಕ್ಷಿತವಾಗಿ ನಿಂತಿರುತ್ತದೆ.

ಒಂದೆರಡು ವರ್ಷ ಕಳೆದ ಮೇಲೆ ಅದು ನೆಂಟರ ಮನೆಗೆ ಹೊರಡುತ್ತದೆ. ಮರದ ತೊಟ್ಟಿಲು ಮೂರು ತಲೆಮಾರು ಮನೆ ಮನೆ ಸುತ್ತಿ ಬಂದದ್ದನ್ನು ಕಂಡವರಿಗೆ ಇದೂ ಹಾಗೇ ಅನ್ನಿಸುವುದು ಸಹಜ. ಆದರೆ ಅಂಗಳದ ಬಿಸಿಲು ಕುಡಿದ ಪ್ಲಾಸ್ಟಿಕ್ ಒಳಗೊಳಗೇ ಪೆಡಸಾಗಿರುತ್ತದೆ, ಬ್ರೇಕಿನ ಹಲ್ಲು ಸವೆದಿರುತ್ತದೆ. ಪಡೆಯುವವರು ಐದು ಕಿಲೋ ಅಕ್ಕಿ ಚೀಲ ಮಲಗಿಸಿ, ಬೆಲ್ಟು ಬಿಗಿದು, ಇಳಿಜಾರಿನಲ್ಲಿ ಬ್ರೇಕ್ ಹಾಕಿ ಕೈ ಬಿಟ್ಟು ನೋಡಬೇಕು. ಹಿಡಿಕೆಗೆ ತರಕಾರಿ ಚೀಲ ನೇತುಹಾಕಿಯೂ ನೋಡಬೇಕು, ಎಷ್ಟು ಸುಲಭವಾಗಿ ಹಿಂದಕ್ಕೆ ಮಗುಚುತ್ತದೆ ಎಂಬುದು ಆಗಲೇ ತಿಳಿಯುವುದು. ಸಾಮಾನಿಗೆ ಸೀಟಿನ ಕೆಳಗಿನ ಬುಟ್ಟಿಯೇ ಸರಿ. ಅಕ್ಕಿ ಉರುಳಿದರೆ ಮಗುವಿಗೆ ಆ ಗಾಡಿ ಬೇಡ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನ್ ಒಯ್ಯಲು ಅಡ್ಡಿಯಿಲ್ಲ, ಸಮತಟ್ಟಾದ ದಾರಿ ಇದ್ದರೆ.