‘ಏನ್ ಹಾಕಿದಿ?’ ಎಂದ ಸಾಹುಕಾರರಿಗೆ

ಸಾಹುಕಾರರೇ,

ನಿಮ್ಮ ಹೆಸರು ಬರೆದಿಲ್ಲ. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟವರು ಬಹಳ ಮಂದಿ, ಓದಿದವರೆಲ್ಲ ಪಕ್ಕದ ಅಂಗಡಿ ಕಡೆ ನೋಡಿ ನಗಲಿ. ಬೆವರು ಆರುವುದರೊಳಗೆ ಬರೆದು ಮುಗಿಸಬೇಕು. ಆರಿತೆಂದರೆ ಸಿಟ್ಟೂ ಆರುತ್ತದೆ, ಮುಂದಿನ ವಾರ ನಿಮ್ಮ ಫೋನ್ ಬಂದರೆ ಮತ್ತೆ ‘ಬಂದ್ನಿರೀ’ ಅಂತ ಬೈಕ್ ಹತ್ತುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಇವತ್ತು ಬೆಳಗ್ಗೆ ಒಂಬತ್ತೂವರೆಗೆ ನಿಮ್ಮ ಫೋನ್ ಬಂತು. “ತಮ್ಮಾ, ಲಗೂನ ಬಾ. ಕಂಪ್ಯೂಟರ್ ಕೂಗಾಕತ್ತೈತಿ, ಪರದೆ ಮ್ಯಾಲೆ ಏನೂ ಕಾಣವಲ್ದು. ಮೂರು ವರ್ಷದ ಲೆಕ್ಕ ಅದರಾಗ ಐತಿ. ಎಷ್ಟರ ಆಗ್ಲಿ.” ಈ ‘ಎಷ್ಟರ ಆಗ್ಲಿ’ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ನಾನಂತೂ ಮರೆತಿಲ್ಲ.

ಲಗೂನ ಬಂದೆ. ಅಂಗಡಿಗೆ ಕೀಲಿ. ಹುಡುಗ ಹೇಳಿದ: “ಸಾವ್ಕಾರ್ರು ಪೂಜಿಗೆ ಕುಂತಾರ್ರೀ, ಈಗ ಬರ್ತಾರ.” ಹನ್ನೊಂದೂಮುಕ್ಕಾಲರವರೆಗೆ ನಿಮ್ಮ ಮೆಟ್ಟಿಲ ಮೇಲೆ ಕೂತಿದ್ದೆ. ನೆರಳು ಮೊದಲು ಮೂರನೇ ಮೆಟ್ಟಿಲಲ್ಲಿತ್ತು, ಆಮೇಲೆ ಎರಡನೆಯದಕ್ಕೆ ಸರಿಯಿತು, ಕೊನೆಗೆ ನನ್ನನ್ನು ಬಿಟ್ಟೇ ಹೋಯಿತು. ಅಷ್ಟರಲ್ಲಿ ಗ್ರಾನೈಟ್ ಕಾರ್ಖಾನೆಯೊಂದರಿಂದ ಎರಡು ಸಲ ಕರೆ ಬಂತು. ಮೂರನೆಯ ಸಲ ಅವರು ಬೇರೆಯವರನ್ನು ಕರೆದುಕೊಂಡರು.

ಆಮೇಲೆ ನೀವು ಬಂದಿರಿ, ಕೀಲಿ ತೆಗೆದಿರಿ. ಸಿಪಿಯು ಪಕ್ಕದ ತಗಡು ಬಿಚ್ಚಿದೆ. ಸಾಹುಕಾರರೇ, ನಿಮ್ಮ ಗೋದಾಮಿನಲ್ಲಿ ಇರುವಷ್ಟೇ ಮಾಲು ಅದರೊಳಗೂ ಇತ್ತು. ಫ್ಯಾನಿಗೆ ಕೆಂಪು ರೇಷ್ಮೆ ಎಳೆ ಸುತ್ತಿಕೊಂಡು ಕಂಡಿಕೆಯಂತಾಗಿತ್ತು, ಅದರ ಮೇಲೆ ಧೂಳು, ಧೂಳಿನೊಳಗೆ ಒಂದು ಸತ್ತ ಹಲ್ಲಿಮರಿ. ಬ್ರಷ್ ಹಿಡಿದು ಎಲ್ಲ ಝಾಡಿಸಿದೆ. ರ‍್ಯಾಮ್ ಪಟ್ಟಿ ಕಿತ್ತೆ. ಅದರ ಬಂಗಾರದ ಬಣ್ಣದ ಹಲ್ಲುಗಳು ಅಡಕೆ ಜಗಿದವನ ಹಲ್ಲಿನಂತೆ ಕಪ್ಪಾಗಿದ್ದವು. ಕಿಸೆಯಿಂದ ರಬ್ಬರ್ ತೆಗೆದು, ಒಂದೇ ದಿಕ್ಕಿಗೆ, ಮೆಲ್ಲಗೆ, ಎರಡೂ ಬದಿ ತಿಕ್ಕಿದೆ. ಪುಡಿ ಒರೆಸಿದೆ. ಎರಡೂ ತುದಿಯ ಕೊಂಡಿ ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ಬಟನ್ ಒತ್ತಿದರೆ ಕೂಗಲಿಲ್ಲ. ಪರದೆಯ ಮೇಲೆ ನಿಮ್ಮ ಮೊಮ್ಮಗಳ ಫೋಟೋ ಬಂತು. ನಿಮ್ಮ ಟ್ಯಾಲಿ ಬಂತು. ಮೂರು ವರ್ಷದ ಲೆಕ್ಕವೂ ಬಂತು. ನಿಮ್ಮ ಮುಖದ ಮೇಲೆ ರಕ್ತವೂ ಬಂತು.

ಆಗ ನೀವು ಕೇಳಿದಿರಿ: “ಏನ್ ಹಾಕಿದಿ?”

“ಏನೂ ಹಾಕಿಲ್ರೀ. ರ‍್ಯಾಮ್ ತಿಕ್ಕೀನಿ.”

“ಏನೂ ಹಾಕಿಲ್ಲಂದ್ರ ಮತ್ತ ರೊಕ್ಕ ಯಾವುದಕ್ಕ? ರಬ್ಬರಿಗೇನು? ನನ್ನ ಮೊಮ್ಮಗಳ ಪಾಟಿಚೀಲದಾಗ ನಾಕ ರಬ್ಬರ್ ಅದಾವ.”

50 ರೂಪಾಯಿ ನೋಟು, ಒಂದು ಚಾ, ಎರಡು ಮಿರ್ಚಿ. ಮಿರ್ಚಿ ಚಲೋ ಇದ್ದವು, ಸುಳ್ಳು ಯಾಕೆ ಹೇಳಲಿ.

ಇದೇ ಕೆಲಸವನ್ನು ಆರು ವರ್ಷ ಸಂಜೆ ಹೊತ್ತು, ರವಿವಾರ ಮಾಡಿಕೊಂಡು ಬಂದವನು ನಾನು. ಹಗಲು ಜೆರಾಕ್ಸ್ ಅಂಗಡಿಯಲ್ಲಿ ಪಗಾರ, ಸಂಜೆ ಊರವರ ಕಂಪ್ಯೂಟರ್. ಆಗ 50 ಕೊಟ್ಟರೂ ಪೆಟ್ರೋಲಿಗಾಯಿತು ಅಂತ ಸುಮ್ಮನಿದ್ದೆ. ‘ಇಷ್ಟ್ ಮಂದಿ ಕರೀತಾರ, ಒಂದು ಅಂಗಡಿ ಹಾಕ್ಕೋಬಾರದೇನೋ’ ಅಂದವರಲ್ಲಿ ನೀವೇ ಮೊದಲಿಗರು. ಹಾಕಿದೆ. ಪಗಾರ ಬಿಟ್ಟೆ. ಈಗ ತಿಂಗಳ ಮೊದಲ ತಾರೀಖಿಗೆ ಅಂಗಡಿ ಮಾಲಕರು ಬಂದು ನಿಲ್ಲುತ್ತಾರೆ. ಅವರಿಗೆ ಮಿರ್ಚಿ ಕೊಟ್ಟರೆ ನಡೆಯುವುದಿಲ್ಲ. ‘ಈ ತಿಂಗಳು ನೀವು ಹೊಸಾ ಗ್ವಾಡಿ ಏನ್ ಹಾಕೀರಿ, ಬಾಡಿಗಿ ಯಾವುದಕ್ಕ?’ ಅಂತ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಅಂಗಡಿ ತೆರೆದ ವಾರ ಒಂದು ಬೋರ್ಡ್ ಬರೆಸಿದ್ದೆ: ‘ಮನೆಗೆ ಬಂದು ನೋಡಲು 200 ರೂ.’ ಮೊದಲ ದಿನವೇ ಹಿರಿಯರೊಬ್ಬರು ಕನ್ನಡಕ ಏರಿಸಿ ಓದಿ ಅಂದರು: “ನೋಡಾಕ ರೊಕ್ಕ ಏನೋ ತಮ್ಮಾ? ಹೆಣ್ಣ ನೋಡಾಕ ಬಂದವರಿಗೆ ನಾವ ಅವಲಕ್ಕಿ ಕೊಟ್ಟು ಕಳಸ್ತೀವಿ.” ಬೋರ್ಡ್ ಈಗ ಮನೆಯಲ್ಲಿ ನೀರಿನ ಕೊಡದ ಮೇಲೆ ಮುಚ್ಚಳ.

ಸಾಲಕ್ಕೆ ಹೋದ ಕಥೆಯೂ ಇದೇ. ಮುದ್ರಾ ಯೋಜನೆ 2015ರಿಂದ ಇದೆ. ಅದರಲ್ಲಿ ‘ಶಿಶು’ ಅಂತ ಒಂದು ಸಾಲ, 50,000ದವರೆಗೆ, ಅಡವು ಬೇಡ. ನನ್ನ ಅಂಗಡಿಗೆ ಹೆಸರು ಒಪ್ಪುತ್ತದೆ, ಇನ್ನೂ ತೊಟ್ಟಿಲಲ್ಲೇ ಇದೆ. ಮೊದಲು ಉದ್ಯಮ್ ನೋಂದಣಿ ಮಾಡಿಕೊಂಡೆ. ಅದಕ್ಕೆ ಸರ್ಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ದೇಶದಲ್ಲಿ ನನ್ನ ಹಾಗೆ ಪುಕ್ಕಟೆ ದುಡಿಯುವ ಇನ್ನೊಂದು ಜೀವ ಇದೆ ಅಂತ ಸಮಾಧಾನವಾಯಿತು. ಬ್ಯಾಂಕಿಗೆ ಮೂರು ಸಲ ಅಡ್ಡಾಡಿದೆ. ಮೂರನೆಯ ಸಲ ಸಾಹೇಬರು ಫೈಲ್ ಪಕ್ಕಕ್ಕಿಟ್ಟು, “ಅದು ಆಮೇಲೆ ನೋಡೋಣ, ಸ್ವಲ್ಪ ಈ ಪಾಸ್‌ಬುಕ್ ಪ್ರಿಂಟರ್ ನೋಡ್ರಿ” ಅಂದರು. ಸಿಕ್ಕಿಕೊಂಡಿದ್ದ ಕಾಗದದ ಚೂರು ತೆಗೆದೆ, ಓಡಿತು. ಅವರು ಏನು ಕೇಳಿರಬಹುದು ಹೇಳಿ? ಹೌದು. ಶುದ್ಧ ಬೆಂಗಳೂರು ಕನ್ನಡದಲ್ಲಿ: “ಏನ್ ಹಾಕಿದ್ರಿ?” ಫೈಲ್ ಇನ್ನೂ ಪಕ್ಕದಲ್ಲೇ ಇದೆ.

2025ರ ಜುಲೈನಲ್ಲಿ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ನೋಡಿ ನೋಟಿಸು ಕೊಟ್ಟಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಅಂತ ಬರೆದರು. ನೀವೂ ನನಗೆ ಹೇಳಿದಿರಿ, ಹುಷಾರಾಗಿರು ಅಂತ. ಹುಷಾರಾಗಿ ಲೆಕ್ಕ ಹಾಕಿದೆ. ಸೇವೆ ಮಾಡುವವನಿಗೆ ಜಿಎಸ್‌ಟಿ ಶುರುವಾಗುವುದು ವರ್ಷಕ್ಕೆ 20 ಲಕ್ಷ ದಾಟಿದರೆ. 50 ರೂಪಾಯಿಯಂತೆ 20 ಲಕ್ಷ ಆಗಬೇಕಾದರೆ ನಾನು 40,000 ಸಲ ರಬ್ಬರ್ ತಿಕ್ಕಬೇಕು. ದಿನಕ್ಕೆ ಸುಮಾರು 110 ಸಲ, ದೀಪಾವಳಿಗೂ ರಜೆ ಇಲ್ಲದೆ. ಚೀಟಿ ಅಂಟಿಸಿಯೇ ಇಟ್ಟಿದ್ದೇನೆ.

ಹಾಗಂತ ಊರಲ್ಲಿ ಯಾರೂ ರೊಕ್ಕ ಬಿಚ್ಚುವುದೇ ಇಲ್ಲ ಅಂತಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಗಡುವು ಮುಗಿಯಿತಲ್ಲ, ಆಗ ಮಂದಿ ಹಳೇ ಡಬ್ಬಿ ಹೊತ್ತುಕೊಂಡು ಬಂದರು. ವಿಂಡೋಸ್ 11 ಹಳೇ ಪ್ರೊಸೆಸರಿಗೆ ಒಪ್ಪುವುದಿಲ್ಲ ಅಂದೆ. ಹೊಸ ಡಬ್ಬಿ ತಗೊಂಡರು, ಎಸ್‌ಎಸ್‌ಡಿ ಹಾಕಿಸಿದರು, ಗುಣುಗುಣು ಅನ್ನದೆ ಎಣಿಸಿ ಕೊಟ್ಟರು. ಯಾಕೆಂದರೆ ಕೈಯಲ್ಲಿ ಹಿಡಿಯುವಂಥ ವಸ್ತು ಸಿಕ್ಕಿತು. ಅದೇ ಮಂದಿ, ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಮದುವೆ ಪತ್ರಿಕೆ ಇನ್ನೊಂದು ಕಂಪ್ಯೂಟರಿನಲ್ಲಿ ಇರುವೆ ಹರಿದಾಡಿದಂತೆ ಕಂಡಾಗ, ಅರ್ಧ ರಾತ್ರಿ ಕೂತು ಅದನ್ನು ಯೂನಿಕೋಡ್ ಮಾಡಿ, ಒಡೆದ ಒತ್ತಕ್ಷರ ಒಂದೊಂದೇ ತಿದ್ದಿ ಕೊಟ್ಟರೆ, “ಅಕ್ಷರ ಮೊದಲ ಇದ್ವಲ್ಲೋ, ನೀ ಏನ್ ಹಾಕಿದಿ?”

ನಗೆಯ ಮಾತು ಸಾಕು, ಸಾಹುಕಾರರೇ. ಒಂದು ಕೇಳುತ್ತೇನೆ. ನಮ್ಮ ಅವ್ವ ನಿಮ್ಮ ತಂದೆಯವರ ಕಾಲದಲ್ಲಿ ನಿಮ್ಮ ಮಗ್ಗಕ್ಕೆ ಕೊಂಡಿ ಹಾಕಿದವಳು. ಒಡಲಿನ ಹಾಸಿನ ಎಳೆಗೆ ಸೆರಗಿನ ರೇಷ್ಮೆ ಎಳೆ, ಒಂದಕ್ಕೊಂದು ಕುಣಿಕೆ ಮಾಡಿ ಕೂಡಿಸಬೇಕು. ಒಂದು ತಪ್ಪಿದರೂ ಸೆರಗು ಹೋಯಿತು. ನೂಲು ನಿಮ್ಮದು. ರೇಷ್ಮೆ ನಿಮ್ಮದು. ಮಗ್ಗವೂ ನಿಮ್ಮದು. ಅವ್ವ ಅದಕ್ಕೆ ಏನು ಹಾಕಿದಳು? ಒಂದು ಎಳೆಯನ್ನೂ ಹಾಕಲಿಲ್ಲ. ಆದರೂ ನಿಮ್ಮ ತಂದೆಯವರು ಶನಿವಾರ ಕರೆದು ಮಜೂರಿ ಎಣಿಸಿ ಕೈಗೆ ಕೊಡುತ್ತಿದ್ದರು. ಕಡಿಮೆಯೇ ಕೊಡುತ್ತಿದ್ದರು, ಅದು ಬೇರೆ ಜಗಳ. ಆದರೆ ‘ಏನ್ ಹಾಕಿದಿ?’ ಅಂತ ಒಂದು ದಿನವೂ ಕೇಳಲಿಲ್ಲ. ಕೈಕೆಲಸಕ್ಕೆ ಮಜೂರಿ ಉಂಟು ಅನ್ನುವುದು ಕೊಂಡಿಯಿಂದಲೇ ಹೆಸರು ಮಾಡಿದ ಈ ಊರಿಗೆ ನಾನು ಹೇಳಿಕೊಡಬೇಕೆ? ಮೆಟ್ಟಿಲ ಮೇಲೆ ಎರಡು ತಾಸು ಕಾದವನಿಗೆ, ಮೂರು ವರ್ಷದ ಲೆಕ್ಕ ಉಳಿಸಿಕೊಟ್ಟವನಿಗೆ, ಮಿರ್ಚಿ? ನಾಚಿಕೆ ಆಗಬೇಕು. ನಿಮಗೋ, 50ರ ನೋಟು ಕಿಸೆಗಿಟ್ಟುಕೊಂಡು ‘ಬರ್ತೀನ್ರೀ’ ಅಂದ ನನಗೋ, ತಿಳಿಯುತ್ತಿಲ್ಲ.

ನಮ್ಮ ಮಠದ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಕಾಳು ಬೇಡ, ಕಾಸು ಬೇಡ, ನಿಮ್ಮ ಚಟ ಹಾಕಿ ಅಂತ ಊರೂರು ಬೇಡಿದರು. ಕುಡಿತ ಹಾಕಿದವರಿದ್ದಾರೆ, ತಂಬಾಕು ಹಾಕಿದವರಿದ್ದಾರೆ. ನಾನೂ ಒಂದು ಜೋಳಿಗೆ ಹಿಡಿದು ನಿಮ್ಮ ಬಾಗಿಲಿಗೆ ಬರೋಣ ಅಂದುಕೊಂಡೆ. ಆದರೆ ಜೋಳಿಗೆಗೆ ಬಗ್ಗಿ ನೋಡಿ ನೀವು ನನ್ನನ್ನೇ ‘ಏನ್ ಹಾಕಿದಿ?’ ಅಂತ ಕೇಳಿದರೆ?

ಅದಕ್ಕೇ ಬೇರೆ ದಾರಿ ಹಿಡಿದಿದ್ದೇನೆ. ನನ್ನ ಅಂಗಡಿಯಲ್ಲಿ ಸತ್ತ ರ‍್ಯಾಮ್ ಪಟ್ಟಿಗಳ ಒಂದು ಬೂಂದಿ ಡಬ್ಬಿ ಇದೆ. ಈ ದಂಧೆಯ ಹಿರಿಯರೊಬ್ಬರು ಮೊದಲ ದಿನವೇ ಹೇಳಿಕೊಟ್ಟಿದ್ದರು: ಕಿಸೆಯಲ್ಲಿ ಒಂದಿಟ್ಟುಕೊಂಡು ಹೋಗು, ತಿಕ್ಕಿ ರಿಪೇರಿ ಮಾಡು, ಸತ್ತದ್ದನ್ನು ತೋರಿಸು, ‘ಇದು ಹೋಗಿತ್ರೀ, ಹೊಸಾದು ಹಾಕೀನಿ, 1,200’ ಅನ್ನು. ಖುಷಿಯಿಂದ ಕೊಡುತ್ತಾರೆ. ಆಗ ನಾನು ಅವರಿಗೆ ನೀತಿ ಹೇಳಿದ್ದೆ. ಅವರಿಗೆ ಈಗ ಎರಡು ಅಂಗಡಿ. ಇವತ್ತು ಮಧ್ಯಾಹ್ನ ಆ ಡಬ್ಬಿ ಕೆಳಗಿಳಿಸಿ ಧೂಳು ಒರೆಸಿದ್ದೇನೆ. ಮುಚ್ಚಳ ಇನ್ನೂ ತೆಗೆದಿಲ್ಲ.

ಇನ್ನೊಂದು ಮಾತು. ನಿಮ್ಮ ಗಲ್ಲೆಯ ಮೇಲೆ, ಊದುಬತ್ತಿ ಸ್ಟ್ಯಾಂಡ್ ಪಕ್ಕ, ನನ್ನ ರಬ್ಬರ್ ಉಳಿದಿದೆ. ಒಂದು ತುದಿ ಕಪ್ಪಾಗಿದೆ. ಹುಡುಗನ ಕೈಲಿ ಕಳಿಸಿಕೊಡಿ. ನಾಳೆ ಹುನಗುಂದಕ್ಕೆ ಹೋಗಬೇಕು, ಅಲ್ಲೊಂದು ಕೂಗುತ್ತಿದೆಯಂತೆ.

ಇಂತಿ,
ಏನೂ ಹಾಕದವನು
ಇಳಕಲ್