ಕಟಕಟರಾಯರ ಪುನರಾಗಮನ

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಗೆ ಬೇಕಾದರೂ ಹೋಗಿ, ಮೇಜುಗಳ ನಡುವೆ ಒಂದು ಸುತ್ತು ಹಾಕಿ. ಕಂಪನಿ ಕೊಟ್ಟ ಕೀಬೋರ್ಡು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಸಿಕೊಳ್ಳದೆ ಡ್ರಾಯರಿನಲ್ಲಿ ಮಲಗಿದೆ. ಮೇಜಿನ ಮೇಲೆ ದಪ್ಪ ಉಣ್ಣೆಯ ಹಾಸು, ಅದರ ಮೇಲೆ ಎರಡು ಕೇಜಿ ತೂಗುವ ಅಲ್ಯೂಮಿನಿಯಂ ಗಟ್ಟಿ, ಗಟ್ಟಿಯ ಬೆನ್ನಿಂದ ಹೊರಟ ಸುರುಳಿ ಸುರುಳಿ ಕೇಬಲ್ಲು. ಇವಿಷ್ಟರ ಹಿಂದೆ ಕೂತವರಿಗೆ ವಯಸ್ಸು ನಲವತ್ತು ದಾಟಿದ್ದು, ಕನ್ನಡಕದ ನಂಬರು ಈಚೆಗೆ ಬದಲಾಗಿದ್ದರೆ ಅವರೇ ಕಟಕಟರಾಯರು. ಮನೆಯಲ್ಲಿ ಇಟ್ಟ ಹೆಸರು ಬೇರೆ ಇದ್ದೀತು, ತಳಿ ಇದೇ.

ಅವರ ಮುಂದೆ ನಿಂತು, "ಏನ್ ಸಾರ್, ಹೊಸ ಕೀಬೋರ್ಡಾ?" ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಅವತ್ತಿನ ಊಟದ ಹೊತ್ತು ಕೈಬಿಟ್ಟ ಹಾಗೆ.

"ಹೊಸದೇನಲ್ಲ ಕಣ್ರೀ, ಹಳೇ ಹುಚ್ಚು. ನಡುವೆ ಬಿಟ್ಟಿದ್ದೆ," ಎಂದು ಕಥೆ ಶುರುವಾಗುತ್ತದೆ.

ಬಿಡುವುದಕ್ಕೆ ಮುಂಚೆ ಹಿಡಿದದ್ದು ಬ್ರಹ್ಮಚರ್ಯದ ಕಾಲದಲ್ಲಿ. ಆಗ ಲೋಕ ಸರಳವಾಗಿತ್ತು. ಮೆಕ್ಯಾನಿಕಲ್ ಕೀಬೋರ್ಡು ಅಂದರೆ ಪ್ರತಿ ಕೀಲಿಯ ಅಡಿಯಲ್ಲೂ ಸ್ಪ್ರಿಂಗ್ ಇರುವ ಬೇರೆ ಬೇರೆ ಸ್ವಿಚ್ಚು. ಸ್ವಿಚ್ಚು ಅಂದರೆ ಜರ್ಮನಿಯ ಚೆರ್ರಿ ಕಂಪನಿಯದು. ಚೆರ್ರಿ ಅಂದರೆ ಮೂರು ಬಣ್ಣ. ಕೆಂಪು ನೇರವಾಗಿ ಇಳಿಯುತ್ತದೆ, ಕಂದು ನಡುವೆ ಸಣ್ಣದಾಗಿ ಎಡವುತ್ತದೆ, ನೀಲಿ ಎಡವುವುದಲ್ಲದೆ ಎಡವಿದೆನೆಂದು ಕೂಗಿ ಹೇಳುತ್ತದೆ. ಕೀಲಿ ಇಳಿಯುವುದು ಒಟ್ಟು 4 ಮಿಲಿಮೀಟರು. ಎರಡರ ಹತ್ತಿರ ಬಂದಾಗಲೇ ಅಕ್ಷರ ಪರದೆಯ ಮೇಲೆ ಮೂಡಿರುತ್ತದೆ. ಮಿಕ್ಕ ಎರಡು ಮಿಲಿಮೀಟರು ಬರೀ ಆನಂದಕ್ಕೆ. ರಾಯರು ಆರಿಸಿಕೊಂಡದ್ದು ನೀಲಿ. ಒತ್ತಿದರೆ ಕಟ್, ಬಿಟ್ಟರೆ ಟಕ್. 1985ರ ಐಬಿಎಂ ಮಾಡೆಲ್ ಎಂ ಕೀಬೋರ್ಡನ್ನು ಅವರು ಕಣ್ಣಾರೆ ಕಂಡವರಲ್ಲ. ಆದರೂ ಅದರ ಒಳಗೆ ಸ್ಪ್ರಿಂಗು ಬಾಗಿ ಮುರುಟಿ ಸದ್ದು ಮಾಡುವ ಬಗೆಯನ್ನು ವರ್ಣಿಸುವಾಗ, ಅವರ ದನಿಯಲ್ಲಿ ಅಜ್ಜನ ಕಾಲದ ತೋಟ ಮಾರಿಹೋದವರ ದುಃಖ ಇರುತ್ತಿತ್ತು.

ಆ ನೀಲಿ ಹೆಚ್ಚು ಕಾಲ ಬಾಳಲಿಲ್ಲ. ಕಾನ್ಫರೆನ್ಸ್ ಕಾಲಿನಲ್ಲಿ ಅಮೆರಿಕದ ಕಡೆಯವರು, "ನಿಮ್ಮಲ್ಲಿ ಆಲಿಕಲ್ಲು ಮಳೆಯೇ?" ಎಂದು ಕಳಕಳಿಯಿಂದ ವಿಚಾರಿಸಿದರು. ಪಕ್ಕದ ಮೇಜಿನ ಹುಡುಗಿ ಏನೂ ಹೇಳದೆ ಮಹಡಿಯನ್ನೇ ಬದಲಿಸಿದಳು. ಮದುವೆಯಾಯಿತು. ಮಗು ಹುಟ್ಟಿತು. ಎರಡು ಕೋಣೆಯ ಮನೆಯಲ್ಲಿ ಮಗುವನ್ನು ಮಲಗಿಸಿ ಹೊರಬಂದ ಹೆಂಡತಿಯ ಎದುರು, ರಾತ್ರಿ ಹನ್ನೊಂದಕ್ಕೆ, ಒಂದೇ ಒಂದು ಸಲ ಎಂಟರ್ ಒತ್ತಿದರು. ಮರುದಿನ ಬೆಳಿಗ್ಗೆ ಕೀಬೋರ್ಡು ದಸರಾ ಗೊಂಬೆಗಳ ಪೆಟ್ಟಿಗೆಯ ಪಕ್ಕ ಅಟ್ಟ ಸೇರಿತು. ಮುಂದಿನ ವರ್ಷಗಳೆಲ್ಲ ರೊಟ್ಟಿಗಿಂತ ತೆಳ್ಳಗಿನ ಲ್ಯಾಪ್‌ಟಾಪಿನ ಮೇಲೆ ಬೆರಳು ಸವೆಸಿದ್ದು.

ಮರಳಿ ಬಂದದ್ದು ಯಾಕೆ? ಬಡ್ತಿ ಸಿಕ್ಕಿತು. ಮ್ಯಾನೇಜರಾದ ಮೇಲೆ ಟೈಪ್ ಮಾಡುವ ಕೆಲಸ ತಗ್ಗಿತು, ಕೀಬೋರ್ಡಿನ ಚಿಂತೆ ಹೆಚ್ಚಿತು. ಕೈಯಲ್ಲಿ ನಾಲ್ಕು ಕಾಸೂ ಇತ್ತು. ಹಳೆಯ ಊರಿಗೆ ಹೋಗಿ ಹಳೆಯ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು ಬರೋಣ ಎಂಬಷ್ಟೇ ಉದ್ದೇಶದಿಂದ ಹೊರಟರು. ಹೋಗಿ ನೋಡಿದರೆ ಊರಿಗೆ ಊರೇ ಬದಲಾಗಿದೆ.

ಚೆರ್ರಿಯ ಮೂಲ ಪೇಟೆಂಟಿನ ಅವಧಿ 2014ರ ಸುಮಾರಿಗೇ ಮುಗಿದು, ಚೀನಾದ ಕಾರ್ಖಾನೆಗಳು ಸ್ವಿಚ್ಚಿನ ಸುಗ್ಗಿ ಮಾಡಿದ್ದವು. ಮೂರು ಬಣ್ಣದ ಜಾಗದಲ್ಲಿ ಈಗ ನೂರಾರು ಬಗೆ. ಹಣ್ಣಿನ ಹೆಸರಿನವು, ಶಾಯಿಯ ಹೆಸರಿನವು, ಪಾಂಡಾ ಕರಡಿಯ ಹೆಸರಿನದೂ ಒಂದು. ಲೋಹಕ್ಕೆ ಲೋಹ ತಾಗದೆ, ಅಯಸ್ಕಾಂತ ಹತ್ತಿರ ಬಂದದ್ದನ್ನು ಅಳೆದು ಅಕ್ಷರ ಮೂಡಿಸುವ ಹಾಲ್ ಎಫೆಕ್ಟ್ ಸ್ವಿಚ್ಚುಗಳು ಬೇರೆ. ಕೀಲಿಗಳು ಕಡಿಮೆಯಾದಷ್ಟೂ ಬೆಲೆ ಏರುತ್ತದೆ: 104 ಕೀಲಿಯದು ಅಗ್ಗ, ಅಂಕಿಗಳ ಮೂಲೆ ಕತ್ತರಿಸಿದ್ದು ತುಟ್ಟಿ, ಬಾಣದ ಗುರುತಿನ ಕೀಲಿಗಳನ್ನೂ ಕಿತ್ತುಹಾಕಿದ 60 ಕೀಲಿಯ ಜಪಾನಿ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡಿಗೆ ಕೈಮುಗಿದು ದೂರ ನಿಲ್ಲಬೇಕು. ಕೀಲಿಯ ಮೇಲೆ ಅಕ್ಷರವೇ ಇಲ್ಲದ ಬೋಳು ಬೋರ್ಡುಗಳೂ ಉಂಟು. ಏನೂ ಇಲ್ಲದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಗೌರವ.

ರಾಯರಿಗೆ ನಿಜವಾದ ಆಘಾತವಾದದ್ದು ನೀಲಿಯ ವಿಷಯದಲ್ಲಿ. ಯಾವ ಸದ್ದಿಗಾಗಿ ಅವರು ಸಂಸಾರದಲ್ಲೂ ಕಚೇರಿಯಲ್ಲೂ ದೇಶಾಂತರ ಅನುಭವಿಸಿದ್ದರೋ ಆ ಸದ್ದಿಗೆ ಈಗ ಮೂರು ಕಾಸಿನ ಮರ್ಯಾದೆಯಿಲ್ಲ. "ಕ್ಲಿಕ್ಕಾ? ಅದು ಶುರುವಿನಲ್ಲಿ ಎಲ್ಲರಿಗೂ ಇರುತ್ತೆ ಅಂಕಲ್, ಆಮೇಲೆ ಕಿವಿ ಬೆಳೆಯುತ್ತೆ," ಎಂದ ಒಬ್ಬ ಹುಡುಗ. ಈಗಿನ ಕಾಲಕ್ಕೆ ಬೇಕಾದದ್ದು ಕೆಳಶ್ರುತಿಯ, ತುಂಬಿದ, ಬಾಯಿ ಮುಚ್ಚಿಕೊಂಡು ನಕ್ಕಂಥ "ಥಾಕ್". ಅದನ್ನು ಪಡೆಯಲು ಪೆಟ್ಟಿಗೆಯೊಳಗೆ ಫೋಮ್ ತುಂಬಬೇಕು, ಸರ್ಕ್ಯೂಟಿನ ಬೆನ್ನಿಗೆ ಪೇಂಟರುಗಳ ಮಾಸ್ಕಿಂಗ್ ಟೇಪು ಅಂಟಿಸಬೇಕು, ಪ್ರತಿ ಸ್ವಿಚ್ಚಿಗೂ ಎಣ್ಣೆಶಾಸ್ತ್ರ ಮಾಡಬೇಕು. ಅಂತೂ ಒಂದು ಕಾಲಕ್ಕೆ ದುಡ್ಡು ಕೊಟ್ಟು ಸದ್ದು ತಂದಿದ್ದ ರಾಯರು, ಈಗ ಅದರ ಹತ್ತರಷ್ಟು ಕೊಟ್ಟು ಸದ್ದಿನ ಸೊಕ್ಕು ಇಳಿಸಲು ಕೂತರು.

ಎಣ್ಣೆಶಾಸ್ತ್ರ ನಡೆಯುವುದು ಶನಿವಾರ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಊಟದ ಮೇಜಿನ ಮೇಲೆ. 84 ಸ್ವಿಚ್ಚುಗಳನ್ನು ಬೋರ್ಡಿನಿಂದ ಕಿತ್ತು ಸಾಲಾಗಿ ಇಡುತ್ತಾರೆ. ಒಂದೊಂದನ್ನೂ ಬಿಚ್ಚಿದರೆ ನಾಲ್ಕು ಭಾಗ: ಮೇಲಿನ ಚಿಪ್ಪು, ಕೆಳಗಿನ ಚಿಪ್ಪು, ನಡುವಿನ ಕಂಬ, ಸ್ಪ್ರಿಂಗು. ಬೆರಳ ತುದಿಯಷ್ಟಿರುವ ಡಬ್ಬಿಯಲ್ಲಿ ಕ್ರೈಟಾಕ್ಸ್ ಎಂಬ ಬಿಳಿ ಗ್ರೀಸು. ಚಿತ್ರ ಬರೆಯುವವರ ಸೊನ್ನೆ ನಂಬರಿನ ಕುಂಚವನ್ನು ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ಉಳಿದ ಛಾಯೆಯನ್ನು ಮಾತ್ರ ಕಂಬದ ನಾಲ್ಕು ಮೈಗೂ ಸವರಬೇಕು. ಕಂಬದ ಎರಡು ಕಾಲುಗಳಿಗೆ ತಾಗಿತೋ, ಎಡವುವ ಸುಖ ಮಾಯ. ಅತಿಯಾದರೆ ಕೀಲಿ ಹೂತುಹೋದಂತೆ ಏಳುತ್ತದೆ, ಕಮ್ಮಿಯಾದರೆ ಕರಕರ ಎನ್ನುತ್ತದೆ. ಎಲ್ಲ ಮುಗಿದ ಮೇಲೂ ಸ್ಪೇಸ್ ಬಾರು ಮಾತ್ರ ಲೊಟಲೊಟ ಎಂದಿತು. ಉದ್ದದ ಕೀಲಿ ವಾಲದಂತೆ ಹಿಡಿಯುವ ತಂತಿಯದೇ ತಕರಾರು. ಅದಕ್ಕೆ ಬಲ್ಲವರು ಹೇಳುವ ಮದ್ದು ಬ್ಯಾಂಡೇಡ್. ಬಟ್ಟೆಯ ಬ್ಯಾಂಡೇಡನ್ನು ಸಣ್ಣಗೆ ಕತ್ತರಿಸಿ ತಂತಿಯ ಅಡಿಗೆ ಹಾಸಬೇಕು. ರಾಯರು ಹಾಸಿದರು. ಆಮೇಲೆ ಮೃದಂಗಕ್ಕೆ ಶ್ರುತಿ ಕೂಡಿಸುವ ವಿದ್ವಾಂಸರ ಹಾಗೆ ತಲೆ ವಾರೆ ಮಾಡಿ, ಸ್ಪೇಸ್ ಬಾರಿನ ಎಡ ತುದಿ ತಟ್ಟಿದರು, ಬಲ ತುದಿ ತಟ್ಟಿದರು, ನಡುಮಧ್ಯ ತಟ್ಟಿದರು. ಭಾನುವಾರ ಮಗ ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡು ಬಂದಾಗ ಮನೆಯಲ್ಲಿ ಒಂದೂ ಬ್ಯಾಂಡೇಡ್ ಇರಲಿಲ್ಲ.

"ಕೇಳು, ಹೇಗಿದೆ?" ಎಂದು ಹೆಂಡತಿಯನ್ನು ಕೂರಿಸಿ ಒತ್ತಿ ತೋರಿಸಿದರು.

"ಚೆನ್ನಾಗಿದೆ."

"ಹೋದ ವಾರದ್ದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಹೋದ ವಾರ ಗ್ರೀಸು ಮೇಜಿಗೆ ಅಂಟಿರಲಿಲ್ಲ."

ಇಷ್ಟೆಲ್ಲ ಸಿಂಗರಿಸಿದ ಬೋರ್ಡಿನ ಮೇಲೆ ರಾಯರು ಬರೆಯುವುದೇನು? ಕೋಡನ್ನು ಈಗ ಎಐ ಬರೆಯುತ್ತದೆ; ರಾಯರು ಟ್ಯಾಬ್ ಒತ್ತಿ ಒಪ್ಪಿಗೆ ಸೂಚಿಸುತ್ತಾರೆ. ಉಳಿದ ಹೊತ್ತು ಮೀಟಿಂಗು, ಮೀಟಿಂಗಿನಲ್ಲಿ ಮೈಕು ಬಂದ್. ಸ್ವಿಚ್ಚಿನ ಆಯುಷ್ಯ 5 ಕೋಟಿ ಒತ್ತು ಎಂದು ತಯಾರಕರು ಭರವಸೆ ಕೊಡುತ್ತಾರೆ. ಒಂದೇ ಕೀಲಿಯನ್ನು ದಿನಕ್ಕೆ ಎರಡು ಸಾವಿರ ಸಲ ಒತ್ತಿದರೂ ಅದು ಮುಗಿಯಲು 68 ವರ್ಷ ಬೇಕು. ರಾಯರ ಟ್ಯಾಬ್ ಕೀಲಿಗೆ ನಾಮಿನಿ ಬರೆಸುವುದು ಒಳ್ಳೆಯದು.

ಹಾಗೆಂದು ಅವರು ಸುಮ್ಮನೆ ಕೂರುವವರಲ್ಲ. ಗ್ರೂಪ್ ಬೈ ಎಂಬ ಚೀಟಿ ವ್ಯವಹಾರವಿದೆ. ಇಂದು ದುಡ್ಡು ಕಟ್ಟಿದರೆ, ಸಾಕಷ್ಟು ಜನ ಕಟ್ಟಿದ್ದಾರೆಂದು ಖಾತ್ರಿಯಾದ ಮೇಲೆ ಜರ್ಮನಿಯಲ್ಲೋ ಚೀನಾದಲ್ಲೋ ಕೀಲಿಯ ಟೊಪ್ಪಿಗೆಗಳಾದ ಕೀಕ್ಯಾಪು ಅಚ್ಚಾಗುತ್ತವೆ. ವರ್ಷ ಕಳೆದು, ಕಸ್ಟಮ್ಸ್ ದಾಟಿ, ಮನೆಗೆ ಬರುತ್ತವೆ. ಬರುವ ಹೊತ್ತಿಗೆ ಯಾವ ಬಣ್ಣ ಹೇಳಿದ್ದೆವೆಂಬುದೇ ಮರೆತಿರುತ್ತದೆ. ಪ್ರತಿ ಸಲವೂ ರಾಯರು ಹೇಳುವುದು ಒಂದೇ: "ಇದೇ ಕೊನೇದು." ಆ ಬಳಗದಲ್ಲಿ ಇದಕ್ಕೆ ಎಂಡ್‌ಗೇಮ್ ಎನ್ನುತ್ತಾರೆ. ರಾಯರ ಕಪಾಟಿನಲ್ಲಿ ಎಂಡ್‌ಗೇಮುಗಳು ಮೂರು ಅಡ್ಡಹಲಗೆ ತುಂಬಿವೆ.

ಈಚೆಗೆ ಮಗನ ಮುಂಜಿಯ ಆಮಂತ್ರಣ ಮಾಡಿಸಲು ಸುಲ್ತಾನಪೇಟೆಗೆ ಹೋದರು. ದಾರಿಯಲ್ಲಿ ಎಸ್.ಪಿ. ರೋಡಿನಲ್ಲಿ ಒಂದು ಕೇಬಲ್ ನೋಡುವುದಿತ್ತು, ಹಾಗಾಗಿ ಬೋರ್ಡೂ ಚೀಲದಲ್ಲಿತ್ತು. ಕಾರ್ಡಿನಂಗಡಿಯಲ್ಲಿ ಡಿಟಿಪಿ ಮಾಡುವ ಹೆಣ್ಣುಮಗಳು ಪರದೆಯಿಂದ ಕಣ್ಣು ತೆಗೆಯದೆ ಕುಟ್ಟುತ್ತಿದ್ದರು. ಕಟ್ ಟಕ್ ಕಟ್ ಟಕ್. ರಾಯರ ಎದೆ ಝಲ್ಲೆಂದಿತು. ಟಿವಿಎಸ್ ಗೋಲ್ಡ್! ರೈಲ್ವೆ ಕೌಂಟರು, ಬ್ಯಾಂಕು, ಡಿಟಿಪಿ ಅಂಗಡಿಗಳಲ್ಲಿ ದುಡಿದು ದುಡಿದು ಹಣ್ಣಾದ ಅದೇ ಭಾರಿ ಬೋರ್ಡು, ಒಳಗೆ ಅದೇ ನೀಲಿ. ಅದನ್ನು ಯಾರೂ ಎಂಡ್‌ಗೇಮ್ ಎಂದು ಕರೆದಿರಲಿಲ್ಲ, ಆದ್ದರಿಂದಲೇ ಇನ್ನೂ ನಡೆಯುತ್ತಿತ್ತು. ಅಕ್ಷರಗಳೆಲ್ಲ ಸವೆದು, ಎಫ್ ಕೀಲಿಯ ಟೊಪ್ಪಿಗೆ ಸೀಳಿ, ಸೆಲ್ಲೋಟೇಪಿನಲ್ಲಿ ಕೂತಿತ್ತು. ನುಡಿ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ, ಒತ್ತಕ್ಷರಕ್ಕೆಲ್ಲ ಎಫ್ ಬೇಕು. ಬ್ರಹ್ಮೋಪದೇಶ ಎಂಬ ಒಂದೇ ಪದಕ್ಕೆ ಎರಡು ಸಲ. ಊರಿನ ಮುಂಜಿ ಮದುವೆಗಳೆಲ್ಲ ಆ ಒಂದು ಕೀಲಿಯ ಮೇಲೆ ನಡೆದುಹೋಗಿದ್ದವು.

ರಾಯರು ತಡೆಯಲಾರದೆ ತಮ್ಮ ಬೋರ್ಡು ತೆಗೆದು ಅವರ ಮುಂದಿಟ್ಟರು. ಆಕೆ ನಾಲ್ಕು ಸಾಲು ಕುಟ್ಟಿ ನೋಡಿದರು.

"ಚೆನ್ನಾಗಿದೆ ಸಾರ್. ಆದ್ರೆ ಒತ್ತಿದ್ದೇ ಗೊತ್ತಾಗಲ್ವಲ್ಲ. ಇದಕ್ಕೆ ಸ್ವಲ್ಪ ಸದ್ದು ಹಾಕ್ಸೋಕಾಗಲ್ವಾ?"

ರಾಯರು ಮೂಕರಾದರು. ಆಮೇಲೆ ಕಿಸೆಯಿಂದ ಕೀಕ್ಯಾಪ್ ಕೀಳುವ ತಂತಿಯ ಚಿಮಟ ತೆಗೆದು, ತಮ್ಮ ಬೋರ್ಡಿನ ಆಲಿವ್ ಹಸಿರಿನ ಎಫ್ ಕಿತ್ತು, ಆಕೆಯ ಗೋಲ್ಡ್‌ಗೆ ಹಾಕಿದರು. ಚೆರ್ರಿಯ ಕೂಡುಗುರುತಿನ ಕಂಬ ಎಲ್ಲ ಕಡೆಯೂ ಒಂದೇ; ಟಪ್ ಎಂದು ಕೂತಿತು. ಆಕೆ ಬ್ರಹ್ಮೋಪದೇಶ ಎಂದು ಹೊಡೆದು ನೋಡಿ, "ಹಾರ್ತಾ ಇಲ್ಲ ಈಗ" ಎಂದು ಮುಂದಿನ ಸಾಲಿಗೆ ಹೋದರು. ಪ್ರೂಫ್ ಕೈಗೆ ಬಂದಾಗ ತಪ್ಪು ಒಂದೂ ಇರಲಿಲ್ಲ.

ರಾಯರ ಬೋರ್ಡಿನಲ್ಲಿ ಈಗ ಎಫ್ ಇದ್ದ ಕಡೆ ಬೋಳು ಕಂಬ ನಿಂತಿದೆ. ಆ ಸೆಟ್ಟು ಅಚ್ಚಾಗುವುದು ನಿಂತಿದೆ. ಬಿಡಿ ಎಫ್ ಯಾರೂ ಮಾರುವುದಿಲ್ಲ. ಹಾಗಾಗಿ ಹೊಸ ಸೆಟ್ಟಿಗೆ ದುಡ್ಡು ಕಟ್ಟಿದ್ದಾರೆ. ಅದರ ಬಣ್ಣ ಈ ಬೋರ್ಡಿಗೆ ಹೊಂದುವುದಿಲ್ಲವಾದ್ದರಿಂದ ಹೊಂದುವ ಬೋರ್ಡಿಗೂ ಕಟ್ಟಿದ್ದಾರೆ. ಒಳಗೆ ಯಾವ ಸ್ವಿಚ್ಚು ಎಂದು ಕೇಳಿದೆ. ಆಚೀಚೆ ನೋಡಿ, ದನಿ ತಗ್ಗಿಸಿ, "ನೀಲಿ" ಅಂದರು. ಇದೇ ಕೊನೆಯದಂತೆ.