ಪರಸ್ಥಳ ಹೋಳಿಗೆ ಮೀಮಾಂಸೆ

ಉದ್ಯೋಗವಶಾತ್ ಸ್ವಗೃಹದಿಂದ ದೂರವಾಗಿ, ಹರಿಹರ ತಾಲ್ಲೂಕಿನ ನಂದಿಗುಡಿಯಲ್ಲಿ ಬಾಡಿಗೆಯ ಕೋಣೆ ಹಿಡಿದಿರುವ ಬ್ರಹ್ಮಚಾರಿಗಳು ಯುಗಾದಿಯಂದು ಒಟ್ಟುಗೂಡಿ ಹೋಳಿಗೆ ಮಾಡಿದಲ್ಲಿ, ಆ ಹೋಳಿಗೆಗೆ ಕರ್ತೃ ಯಾರೆಂಬ ಪ್ರಶ್ನೆಯನ್ನು ಪೂರ್ವಸೂರಿಗಳು ಎತ್ತಿದಂತೆ ಕಾಣುವುದಿಲ್ಲ. ಕಣಕ ನಾದಿದವನೆಂದು ಕೆಲವರೂ, ಬೆಲ್ಲಕ್ಕೆ ಕಾಸು ಕೊಟ್ಟವನೆಂದು ಹಲವರೂ ಹೇಳುವರು. ಈ ಉಭಯ ಪಕ್ಷಗಳನ್ನೂ ಖಂಡಿಸಿ, ಅಲ್ಲಿಲ್ಲದ ತಾಯಂದಿರೇ ಕರ್ತೃಗಳು, ಒಲೆಯ ಮುಂದೆ ಬೆವರಿದವರು ಸೌಟಿನಂತೆ ಕರಣಮಾತ್ರರು ಎಂದು ಸ್ಥಾಪಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಅಧಿಕಾರಿಗಳು ಮೂವರು: ಬೀದರಿನ ಮೇಷ್ಟ್ರು, ಕೋಲಾರದ ಲೈನ್‌ಮನ್, ಕಾಸರಗೋಡಿನ ಪಶುವೈದ್ಯರು. ರಜೆ ಒಂದೇ ದಿನದ್ದು. ಬೀದರಿಗೆ ಹೋಗಿಬರುವಷ್ಟರಲ್ಲಿ ಅದು ಬಸ್ಸಿನಲ್ಲಿಯೇ ಸವೆದುಹೋಗುವುದರಿಂದ ಊರಿಗೆ ಹೋಗುವ ವಿಧಿಯು ಇಲ್ಲಿ ಬಾಧಿತವಾಯಿತು. ಆದರೆ ಪಶುವೈದ್ಯರಿಗೆ ಅಂದು ಹಬ್ಬವೇ ಅಲ್ಲವೆಂಬ ಆಕ್ಷೇಪವುಂಟು. ಅವರ ಕಡೆಯವರು ಸೌರಮಾನವನ್ನನುಸರಿಸಿ ಏಪ್ರಿಲ್ ಮಧ್ಯದಲ್ಲಿ ಬಿಸುವಿನ ಕಣಿ ಇಡುವವರು. ಚಾಂದ್ರಮಾನದ ಚೈತ್ರ ಶುದ್ಧ ಪಾಡ್ಯವು ಅವರಿಗೆ ಬರಿಯ ಪಾಡ್ಯ. (1957ರಲ್ಲಿ ಭಾರತ ಸರ್ಕಾರವು ಮಾರ್ಚ್ 22ನ್ನೇ ಚೈತ್ರದ ಮೊದಲ ದಿನವೆಂದು ನಿಗದಿಗೊಳಿಸಿ ಈ ಜಗಳಕ್ಕೆ ಮೂರನೆಯ ಕಕ್ಷಿಯನ್ನು ಒದಗಿಸಿತಾದರೂ, ಆ ಪಂಚಾಂಗವನ್ನು ನಂಬಿ ಬೇಳೆ ಬೇಯಿಸಿದ ಗೃಹಿಣಿಯನ್ನು ಈ ಲೇಖಕನು ಕಂಡಿಲ್ಲ.) ಹಸಿವು ಉಭಯಮಾನಗಳಿಗೂ ಸಾಧಾರಣವೆಂಬ ನ್ಯಾಯದಿಂದ ಪಶುವೈದ್ಯರ ಅಧಿಕಾರವನ್ನು ಎತ್ತಿಹಿಡಿಯಲಾಯಿತು.

ಇನ್ನು ಪ್ರಮಾಣವಿಚಾರ. ಪಾಕಶಾಸ್ತ್ರದಲ್ಲಿ ಪ್ರತ್ಯಕ್ಷವು ದುರ್ಬಲ, ಅನುಮಾನವು ಅಪಾಯಕರ. ಆದುದರಿಂದ ಮೊಬೈಲಿನಲ್ಲಿ ಕೇಳಿಬರುವ ಮಾತೃವಾಕ್ಯರೂಪವಾದ ಶಬ್ದವೊಂದೇ ಶರಣ್ಯ. ಆದರೆ ಕೋಲಾರದ ಶ್ರುತಿಯು ಹೂರಣಕ್ಕೆ ತೊಗರಿಬೇಳೆಯನ್ನು ವಿಧಿಸಿದರೆ ಬೀದರಿನ ಶ್ರುತಿಯು ಕಡಲೆಬೇಳೆಯನ್ನಲ್ಲದೆ ಅನ್ಯವನ್ನು ಸಹಿಸುವುದಿಲ್ಲ. ಬೆಲ್ಲವೆಷ್ಟೆಂದು ಕೇಳಲಾಗಿ "ನೋಡ್ಕೊಂಡು ಹಾಕು" ಎಂಬಲ್ಲಿ ಮಾತ್ರ ಉಭಯ ಶ್ರುತಿಗಳಿಗೂ ಏಕವಾಕ್ಯತೆ. ಏನನ್ನು ನೋಡಬೇಕೆಂಬುದಕ್ಕೆ ಭಾಷ್ಯವಿಲ್ಲ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಹರಿಹರದಲ್ಲಿ ಕಟ್ಟಿಸಿದ ದೇವಾಲಯದೊಳಗೆ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತಿರುವಾಗ, ಎರಡು ಬೇಳೆಗಳು ಒಂದೇ ಕುಕ್ಕರಿನಲ್ಲಿ ಏಕೆ ನಿಲ್ಲಬಾರದೆಂದು ಪಶುವೈದ್ಯರು ತಟಸ್ಥಭಾವದಿಂದ ಸೂಚಿಸಿದರು. ದೇವರು ನಿಂತರು, ಬೇಳೆ ನಿಲ್ಲಲಿಲ್ಲ. ತೊಗರಿಯು ಕರಗಿ ಕಡಲೆಯು ಗಟ್ಟಿಯಾಗಿಯೇ ಉಳಿಯಿತು. ಕಟ್ಟನ್ನು ಪೂರ್ತಿ ಬಸಿಯುವ ಮುನ್ನವೇ ಲೈನ್‌ಮನ್ನರು ಬೆಲ್ಲ ಸುರಿದುದರಿಂದ, ಸಾರಿಗೆ ಸಲ್ಲಬೇಕಾದ ನೀರೆಲ್ಲ ಹೂರಣದಲ್ಲಿಯೇ ಲೀನವಾಯಿತು.

ಈ ಸಂಕಟದಲ್ಲಿ ಮನೆಯೊಡತಿಯಾದ ಅಜ್ಜಿಯು ಬಾಗಿಲಲ್ಲಿ ನಿಂತು, "ಏನ್ರಪ್ಪಾ, ಇದನ್ನ ಲೋಟಕ್ಕೆ ಹಾಕ್ಕೊಂಡು ಕುಡೀತೀರೇನು?" ಎಂದು ಪೂರ್ವಪಕ್ಷವನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಹೂರಣವನ್ನು ಕಬ್ಬಿಣದ ಬಾಣಲೆಗೆ ಬಗ್ಗಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದಳು. ಅದು ತಳ ಬಿಟ್ಟು ಸೌಟಿಗೆ ಮುದ್ದೆಯಾಗಿ ಅಂಟಿದಾಗ ಉಳಿದ ಕಡಲೆಕಾಳುಗಳನ್ನು ಒಳಕಲ್ಲಿನಲ್ಲಿ ನುರಿಸಿ, ಎಣ್ಣೆಯಲ್ಲಿ ನೆನೆದ ಕಣಕದೊಳಗೆ ತುಂಬಿ ತಟ್ಟಿಕೊಟ್ಟಳು. ಹಾಗಾದರೆ ಅಜ್ಜಿಯೇ ಕರ್ತೃವಲ್ಲವೆ ಎನ್ನಬಾರದು. ತಟ್ಟುವಾಗ ಆಕೆ ಮೂರು ಸಲ "ನಮ್ಮವ್ವ ಹಿಂಗ ಮಾಡ್ತಿದ್ಲು" ಎಂದುದರಿಂದ ಆಕೆಯೂ ಕರಣವೇ. ಬಿಸಿ ಹೋಳಿಗೆಯ ಮೇಲೆ ತುಪ್ಪವು ಹರಡುತ್ತಿದ್ದಾಗ ಮೂವರೂ ತಟ್ಟೆಯ ಚಿತ್ರ ತೆಗೆದು ಊರಿಗೆ ಕಳಿಸಿದರು. ಬೀದರಿನಿಂದ ಬಂದ ಉತ್ತರ, "ಅಂಚು ದಪ್ಪಾಗ್ಯಾದ" ಎಂದು. ಕರ್ತೃವಲ್ಲದವರಿಗೆ ದೋಷ ತೋರುವ ಹಕ್ಕು ಎಲ್ಲಿಯದು? ಸಿದ್ಧಾಂತವು ಇದರಿಂದ ನಿರ್ಣೀತ.

ಉಳಿದುದು ಪಾತ್ರೆಗಳ ಪ್ರಕರಣ. ಯುಗಾದಿಯಂದು ಮಾಡಿದ ಕೆಲಸ ವರ್ಷವಿಡೀ ಬೆನ್ನು ಹತ್ತುವುದೆಂಬ ಲೋಕಪ್ರಸಿದ್ಧಿಯನ್ನು ಮುಂದೊಡ್ಡಿ ಮೇಷ್ಟ್ರೂ ಲೈನ್‌ಮನ್ನರೂ ಬಾಣಲೆಯನ್ನು ಮುಟ್ಟಲೊಪ್ಪಲಿಲ್ಲ. ಸೌರಮಾನದವರಿಗೆ ವರ್ಷವಿನ್ನೂ ಹುಟ್ಟಿಲ್ಲವಾದುದರಿಂದ ಅವರಿಗೆ ಈ ಬಾಧೆಯಿಲ್ಲವೆಂದು ಒಮ್ಮತದಿಂದ ತೀರ್ಮಾನಿಸಿದರು. ಪಶುವೈದ್ಯರು ತೋಳು ಮಡಿಸಿಕೊಂಡು ನಲ್ಲಿಯ ಬಳಿ ಕುಳಿತು, ಬಿಸುವಿನ ದಿನದ ಅಡುಗೆಗೆ ಇಬ್ಬರನ್ನೂ ಆಗಲೇ ಆಹ್ವಾನಿಸಿದರು.